ಮನೆಯಲ್ಲೇ ನಾಟಿ ಕೋಳಿ ಮರಿ ಮಾಡಿಸೋದು ಹೇಗೆ? ಕಾವಿನಿಂದ ಲಸಿಕೆವರೆಗೆ ತಿಳಿಯಬೇಕಾದ ವಿಷಯ

ಕೋಳಿ ಗೂಡು ಬಿಟ್ಟು ಏಳದೆ, ಹತ್ತಿರ ಹೋದರೆ ಮೈ ಉಬ್ಬಿಸಿ ಕುಕ್ಕೋಕೆ ಬಂದರೆ ಕಾವಿಗೆ ಬಂದಿದೆ ಅಂತ ಅರ್ಥ. ಎರಡು ದಿನ ನೋಡಿ, ಗಟ್ಟಿಯಾಗಿ ಕೂತರೆ ಮೊಟ್ಟೆ ಇಡಿ. ಗಿರಿರಾಜದಂಥ ಸುಧಾರಿತ ತಳಿಗಳು ಕಾವಿಗೆ ಕೂರೋದು ಕಡಿಮೆ. ಅವುಗಳ ಮೊಟ್ಟೆಯನ್ನೂ ನಾಟಿ ಕೋಳಿ ಕೆಳಗೇ ಇಡಬೇಕು.

ಒಂದು ಕೋಳಿಗೆ 10ರಿಂದ 12 ಮೊಟ್ಟೆ ಸಾಕು. ಆಸೆಗೆ ಬಿದ್ದು 20 ಇಟ್ಟರೆ ಅಂಚಿನವಕ್ಕೆ ಕಾವು ತಾಗದೆ ಕೆಡುತ್ತವೆ. ಹುಂಜದ ಜತೆ ಓಡಾಡೋ ಕೋಳಿಯ, ವಾರದೊಳಗಿನ ಮೊಟ್ಟೆ ಆಗಿರಲಿ. ಅಂಗಡಿಯ ಫಾರಂ ಮೊಟ್ಟೆಯಿಂದ ಮರಿ ಬರಲ್ಲ, ಅವು ಹುಂಜವಿಲ್ಲದೆ ಇಟ್ಟ ಮೊಟ್ಟೆಗಳು. ತೊಳೆದ ಮೊಟ್ಟೆಯೂ ಬೇಡ. ಎಲ್ಲವನ್ನೂ ಒಂದೇ ದಿನ ಇಟ್ಟು ಪೆನ್ಸಿಲ್ ಗುರುತು ಹಾಕಿ. ಬೇರೆ ಕೋಳಿ ಬಂದು ಅದೇ ಮಂಕರಿಯಲ್ಲಿ ಮೊಟ್ಟೆ ಇಟ್ಟರೆ ಗೊತ್ತಾಗುತ್ತೆ.

ಎಂಟನೇ ದಿನ ಕತ್ತಲಲ್ಲಿ ಮೊಟ್ಟೆಗೆ ಟಾರ್ಚ್ ಹಿಡಿದು ನೋಡಿ. ಒಳಗೆ ಕೆಂಪು ನರ ಜೇಡರ ಬಲೆ ಥರ ಕಂಡರೆ ಜೀವ ಇದೆ. ಏನೂ ಇಲ್ಲದೆ ತಿಳಿಯಾಗಿದ್ದರೆ ತೆಗೆದುಬಿಡಿ. ಮರಿ ಆಗೋದು 21ನೇ ದಿನದ ಸುಮಾರಿಗೆ. ಸಿಪ್ಪೆ ಬಿರುಕು ಬಿಟ್ಟ ಮೇಲೂ ಮರಿ ಹೊರಬರಲು ಒಂದು ದಿನ ಹಿಡಿಯಬಹುದು. ಪಾಪ ಅಂತ ಕೈಯಲ್ಲಿ ಸಿಪ್ಪೆ ಬಿಡಿಸೋಕೆ ಹೋಗಬೇಡಿ, ರಕ್ತ ಸೋರಿ ಸಾಯುತ್ತೆ.

ಮೊದಲ ದಿನ ಮೇವು ಕೊಡೋದು ತಡವಾದರೂ ಗಾಬರಿ ಬೇಡ. ಹೊಟ್ಟೆಯಲ್ಲಿ ಉಳಿದ ಹಳದಿಯೇ ಆಹಾರ. ಆಮೇಲೆ ಅಕ್ಕಿ ನುಚ್ಚು, ರಾಗಿ ಹಾಕುವವರೇ ಜಾಸ್ತಿ. ಆದರೆ ಬರೀ ನುಚ್ಚಿನಲ್ಲಿ ಮರಿ ಬೇಗ ಬೆಳೆಯಲ್ಲ. ಮರಿಗಳಿಗಾಗಿ ಸಿಗೋ ಸ್ಟಾರ್ಟರ್ ಫೀಡ್ ಅಥವಾ ಗೆದ್ದಲು ಸೇರಿಸಿ. ನೀರಿನ ತಟ್ಟೆಗೆ ನಾಲ್ಕು ಕಲ್ಲು ಹಾಕಿದರೆ ಮರಿ ಮುಳುಗಲ್ಲ.

ತಾಯಿ ಇಲ್ಲದ ಮರಿಗಳಿಗೆ ರಟ್ಟಿನ ಡಬ್ಬದಲ್ಲಿ ಬಲ್ಬ್ ಬೇಕು. ಎಲ್‌ಇಡಿ ಬಲ್ಬ್‌ನಿಂದ ಶಾಖ ಬರಲ್ಲ, ಹಳೇ ತಂತಿ ಬಲ್ಬೇ ಆಗಬೇಕು. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ: ಬಲ್ಬ್ ಕೆಳಗೆ ಗುಂಪುಗೂಡಿದರೆ ಚಳಿ, ದೂರ ಹೋಗಿ ಬಾಯಿ ತೆರೆದರೆ ಸೆಕೆ.

ಇಷ್ಟೆಲ್ಲ ಮಾಡಿಯೂ ಗೂಡು ಖಾಲಿಯಾಗೋದು ಕೊಕ್ಕರೆ ರೋಗದಿಂದ. ಹಸಿರು ಭೇದಿ, ಕತ್ತು ತಿರುಚೋದು ಇದರ ಲಕ್ಷಣ. ಬಂದ ಮೇಲೆ ಔಷಧಿ ಇಲ್ಲ. 5ರಿಂದ 7ನೇ ದಿನದೊಳಗೆ ಲಸೋಟಾ ಲಸಿಕೆ ಕಣ್ಣಿಗೆ ಒಂದು ಹನಿ, ಎರಡು ತಿಂಗಳಿಗೆ ಆರ್2ಬಿ ಚುಚ್ಚುಮದ್ದು ಹಾಕಿಸಬೇಕು. ತೊಂದರೆ ಏನಂದ್ರೆ ಲಸಿಕೆ ಬರೋದು ನೂರಾರು ಕೋಳಿಗಾಗುವ ಬಾಟಲಿಯಲ್ಲಿ. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲೇ ಮುಗಿಸಬೇಕು. ಹಾಗಾಗಿ ಅಕ್ಕಪಕ್ಕದ ನಾಲ್ಕೈದು ಮನೆಯವರು ಸೇರಿ, ಪಶು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ ಒಂದೇ ದಿನ ಹಾಕಿಸಿ. ತರುವಾಗ ಐಸ್ ಇಟ್ಟುಕೊಂಡೇ ತನ್ನಿ, ಬಿಸಿಲಿಗೆ ಬಿದ್ದ ಲಸಿಕೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.