ಸ್ಟೀವ್ ಬ್ಲೂಮರ್: ಸುತ್ತಿಗೆ ಬಿಟ್ಟು ಚೆಂಡು ಹಿಡಿದವ

ಫುಟ್ಬಾಲ್ ಆಡಿ ಹೊಟ್ಟೆ ಹೊರೆಯಬಹುದು ಎಂಬ ಮಾತು ಇಂಗ್ಲೆಂಡಿನಲ್ಲಿ ಇನ್ನೂ ಹೊಸದಾಗಿದ್ದ ಕಾಲದ ಆಟಗಾರ ಸ್ಟೀವ್ ಬ್ಲೂಮರ್. 1892ರಿಂದ 1914ರವರೆಗೆ ಇಪ್ಪತ್ತೆರಡು ವರ್ಷ ಲೀಗ್ ಪಂದ್ಯಗಳನ್ನಾಡಿ 352 ಗೋಲು ಹೊಡೆದ. ಹೀಗಿದ್ದೂ ಆಟ ನಿಲ್ಲಿಸಿದ ವರ್ಷವೇ ಸಂಬಳ ಹುಡುಕಿಕೊಂಡು ಪರದೇಶಕ್ಕೆ ಹೋಗಬೇಕಾಯಿತು. ಹೋದ ದೇಶ ಜರ್ಮನಿ, ಹೋದ ತಿಂಗಳು 1914ರ ಜುಲೈ!

ಬ್ಲೂಮರ್ ಹುಟ್ಟಿದ್ದು 1874ರ ಜನವರಿ 20ರಂದು, ಇಂಗ್ಲೆಂಡಿನ ನಡುಭಾಗದ ಕ್ರಾಡ್ಲಿ ಎಂಬಲ್ಲಿ. ಕಬ್ಬಿಣದ ಸರಪಳಿ, ಮೊಳೆ ತಯಾರಿಸುವ ಸೀಮೆ ಅದು. ಆತ ಚಿಕ್ಕವನಿದ್ದಾಗಲೇ ಮನೆಯವರು ಡರ್ಬಿ ಪಟ್ಟಣಕ್ಕೆ ಬಂದು ನೆಲೆಸಿದರು. ಅಪ್ಪನ ಕಸುಬೇ ಮಗನಿಗೂ ಬಂತು. ಶಾಲೆ ಬಿಟ್ಟ ಹುಡುಗ ಕುಲುಮೆಯ ಮುಂದೆ ಸುತ್ತಿಗೆ ಹಿಡಿದು ನಿಂತ, ಸಂಜೆ ಮತ್ತು ಶನಿವಾರ ಮಧ್ಯಾಹ್ನ ಚೆಂಡು ಒದೆಯತೊಡಗಿದ.

ಆ ಕಾಲದ ಆಟದ ಕಟ್ಟುಪಾಡನ್ನು ಇಲ್ಲಿ ಸ್ವಲ್ಪ ಹೇಳಬೇಕು. 1885ರವರೆಗೆ ಹಣ ಪಡೆದು ಫುಟ್ಬಾಲ್ ಆಡುವುದಕ್ಕೆ ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆಯ ಒಪ್ಪಿಗೆ ಇರಲಿಲ್ಲ. ಸಂಸ್ಥೆ ಕಟ್ಟಿದವರು ಉಳ್ಳವರ ಮನೆಯ ಮಕ್ಕಳು, ದೊಡ್ಡ ಶಾಲೆಗಳಲ್ಲಿ ಓದಿದವರು. ಆಟಕ್ಕೆ ಕಾಸು ಕೇಳುವುದು ಅವರ ಕಣ್ಣಿಗೆ ಕೀಳಾಗಿ ಕಂಡಿತು. ಬಟ್ಟೆ ಗಿರಣಿಗಳ ಊರುಗಳಲ್ಲಿ ಮಾತ್ರ ಒಳ್ಳೆಯ ಆಟಗಾರರಿಗೆ ಗುಟ್ಟಾಗಿ ಹಣ ಸೇರುತ್ತಲೇ ಇತ್ತು. ಒಂದು ಶನಿವಾರದ ಕೂಲಿ ಬಿಟ್ಟು ಬಂದವನ ಮನೆಯಲ್ಲಿ ಒಲೆ ಉರಿಯಬೇಡವೇ? ಕೊನೆಗೆ 1885ರ ಜುಲೈಯಲ್ಲಿ ಸಂಸ್ಥೆ ಮಣಿದು ವೃತ್ತಿ ಆಟಗಾರರನ್ನು ಒಪ್ಪಿಕೊಂಡಿತು. 1888ರಲ್ಲಿ ಹನ್ನೆರಡು ಕ್ಲಬ್ಬುಗಳು ಸೇರಿ ಲೀಗ್ ಆರಂಭಿಸಿದವು. ಡರ್ಬಿ ಕೌಂಟಿ ಆ ಹನ್ನೆರಡರಲ್ಲಿ ಒಂದು.

ಈ ಕ್ಲಬ್ಬಿಗೆ ಬ್ಲೂಮರ್ ಸೇರಿದ್ದು 1892ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ. ವಾರಕ್ಕೆ ಏಳೂವರೆ ಶಿಲ್ಲಿಂಗ್ ಸಂಬಳ. ಆಗ ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡ್, ಹಾಗಾಗಿ ಅರ್ಧ ಪೌಂಡಿಗೂ ಕಡಿಮೆ. ಆ ವರ್ಷದ ಸೆಪ್ಟೆಂಬರ್ 3ರಂದು ಸ್ಟೋಕ್ ವಿರುದ್ಧ ಮೊದಲ ಲೀಗ್ ಪಂದ್ಯ ಆಡಿದ. ತಂಡದಲ್ಲಿ ಜಾನ್ ಗುಡಾಲ್ ಎಂಬ ಹೆಸರಾಂತ ಆಟಗಾರನಿದ್ದ. 1889ರಲ್ಲಿ ಒಂದೂ ಲೀಗ್ ಪಂದ್ಯ ಸೋಲದೆ ಗೆದ್ದ ಪ್ರೆಸ್ಟನ್ ತಂಡದಲ್ಲಿ ಆಡಿ ಬಂದವನು ಆತ. ಹುಡುಗನನ್ನು ಕೈಹಿಡಿದು ತಿದ್ದಿದ್ದು ಇದೇ ಗುಡಾಲ್.

ಬ್ಲೂಮರ್ ನೋಡಲು ಅಂಥ ಜಟ್ಟಿಯೇನೂ ಅಲ್ಲ. ಸಪೂರ ಮೈಕಟ್ಟು, ಬಿಳಿಚಿಕೊಂಡ ಮುಖ. ಜನ ಅಡ್ಡಹೆಸರಿಟ್ಟದ್ದೂ ‘ಪೇಲ್‌ಫೇಸ್’ ಎಂದೇ. ಆತನ ಬಲವೆಲ್ಲ ಕಾಲಿನಲ್ಲಿತ್ತು. ಚೆಂಡು ಕಾಲಿಗೆ ಬಂದರೆ ನಿಲ್ಲಿಸಿ, ನೋಡಿ, ಹದ ಮಾಡಿಕೊಂಡು ಹೊಡೆಯುವ ಅಭ್ಯಾಸವೇ ಇಲ್ಲ. ಎಡಗಾಲಾಗಲಿ ಬಲಗಾಲಾಗಲಿ, ಬಂದ ವೇಗದಲ್ಲೇ ನೆಲಕ್ಕೆ ಸಮೀಪವಾಗಿ ಬಾರಿಸಿಬಿಡುತ್ತಿದ್ದ. ಆಗಿನ ಚೆಂಡು ದಪ್ಪ ಚರ್ಮದ್ದು, ಮಳೆಯಲ್ಲಿ ನೆನೆದರೆ ಭಾರವಾಗುತ್ತಿತ್ತು. ಅಂಥ ಚೆಂಡನ್ನು ಹೀಗೆ ಹೊಡೆಯುವವನ ಮುಂದೆ ಗೋಲಿಗಳ ಪಾಡು ಹೇಳತೀರದು. ಮೊದಲ ದರ್ಜೆಯ ಲೀಗ್‌ನಲ್ಲಿ ಐದು ವರ್ಷ ಅತಿ ಹೆಚ್ಚು ಗೋಲು ಆತನದೇ. ಮೊದಲ ಸಲ, ಅಂದರೆ 1895–96ರಲ್ಲಿ, ಆ ಸ್ಥಾನವನ್ನು ಇನ್ನೊಬ್ಬನೊಂದಿಗೆ ಹಂಚಿಕೊಂಡಿದ್ದ.

ಇಂಗ್ಲೆಂಡ್ ತಂಡಕ್ಕೆ ಆತ ಮೊದಲು ಆಡಿದ್ದು 1895ರ ಮಾರ್ಚ್ 9ರಂದು ಡರ್ಬಿಯಲ್ಲೇ. ಐರ್ಲೆಂಡ್ ವಿರುದ್ಧ 9–0 ಗೆಲುವು, ಅದರಲ್ಲಿ ಎರಡು ಗೋಲು ಈತನದು. ಮರುವರ್ಷ ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧ ಒಬ್ಬನೇ ಐದು ಹೊಡೆದ. ಮೊದಲ ಹತ್ತು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಒಂದರಲ್ಲೂ ಗೋಲಿಲ್ಲದೆ ಹಿಂತಿರುಗಲಿಲ್ಲ. ಒಟ್ಟು 23 ಪಂದ್ಯ, 28 ಗೋಲು. ಹನ್ನೆರಡು ವರ್ಷಕ್ಕೆ ಇಷ್ಟೇ ಪಂದ್ಯವೇ ಎಂದು ಕೇಳಬಹುದು. ಆಗ ಇಂಗ್ಲೆಂಡ್ ಆಡುತ್ತಿದ್ದುದೇ ವರ್ಷಕ್ಕೆ ಮೂರು ಪಂದ್ಯ, ನೆರೆಯ ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್‌ಗಳೊಂದಿಗೆ.

ಎಫ್.ಎ. ಕಪ್ ಮಾತ್ರ ಕೈಗೆ ಸಿಗಲಿಲ್ಲ. 1898ರ ಫೈನಲ್‌ನಲ್ಲಿ ಡರ್ಬಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 3–1ರಿಂದ ಸೋತಿತು, ಡರ್ಬಿಯ ಒಂದೇ ಗೋಲು ಬ್ಲೂಮರನದು. 1899ರಲ್ಲಿ ಶೆಫೀಲ್ಡ್ ಯುನೈಟೆಡ್ ಎದುರು 4–1ರ ಸೋಲು. 1903ರ ಫೈನಲ್‌ಗೆ ಗಾಯಗೊಂಡು ಹೊರಗುಳಿದ, ಡರ್ಬಿ ಬರಿ ತಂಡಕ್ಕೆ 6–0ಯಿಂದ ಶರಣಾಯಿತು. ಕಪ್ ಫೈನಲ್‌ನಲ್ಲಿ ಅಷ್ಟು ಅಂತರದ ಸೋಲು ಮತ್ತೆ ಕಂಡದ್ದು 2019ರಲ್ಲಿ.

1899ರ ಆ ಫೈನಲ್ ನೋಡಲು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮೈದಾನದಲ್ಲಿ ಸೇರಿದ್ದ ಜನ 70 ಸಾವಿರಕ್ಕೂ ಹೆಚ್ಚು. ಗೇಟಿನ ಹಣ ಹೀಗೆ ಬೆಳೆಯುತ್ತಿದ್ದಾಗಲೇ ಆಟಗಾರರ ಸಂಬಳಕ್ಕೆ ಕಡಿವಾಣ ಬಿತ್ತು. 1901ರಿಂದ ಯಾವ ಆಟಗಾರನಿಗೂ ವಾರಕ್ಕೆ 4 ಪೌಂಡ್ ಮೀರಿ ಕೊಡುವಂತಿಲ್ಲ ಎಂಬ ನಿಯಮ ಬಂತು. ಕಾರ್ಖಾನೆ ಕೂಲಿಗಿಂತ ಅದು ಹೆಚ್ಚೇ, ನಿಜ. ಆದರೆ ಕಮ್ಮಾರನ ತೋಳು ಅರುವತ್ತರವರೆಗೂ ನಡೆಯುತ್ತದೆ, ಆಟಗಾರನ ಕಾಲು ನಡೆಯುವುದು ಮೂವತ್ತೈದರವರೆಗೆ. ಇದರ ಜೊತೆಗೆ ಇನ್ನೊಂದು ಕಟ್ಟು. ಒಂದು ಕ್ಲಬ್ಬಿನಲ್ಲಿ ಹೆಸರು ಬರೆಸಿದ ಆಟಗಾರ ಕರಾರು ಮುಗಿದ ಮೇಲೂ ಆ ಕ್ಲಬ್ಬಿನ ಒಪ್ಪಿಗೆ ಇಲ್ಲದೆ ಇನ್ನೊಂದು ಲೀಗ್ ಕ್ಲಬ್ಬಿಗೆ ಹೋಗುವಂತಿರಲಿಲ್ಲ. ಜೀತದ ವಾಸನೆಯಿದ್ದ ಈ ಪದ್ಧತಿ ಬಹುಕಾಲ ಉಳಿಯಿತು. ಸಂಬಳದ ಮಿತಿ ಹೋದದ್ದು 1961ರಲ್ಲಿ, ಹಿಡಿದಿಟ್ಟುಕೊಳ್ಳುವ ಹಕ್ಕಿಗೆ ನ್ಯಾಯಾಲಯದಲ್ಲಿ ಪೆಟ್ಟು ಬಿದ್ದದ್ದು 1963ರಲ್ಲಿ.

1906ರ ಮಾರ್ಚ್‌ನಲ್ಲಿ ಹಣದ ಮುಗ್ಗಟ್ಟಿನಲ್ಲಿದ್ದ ಡರ್ಬಿ ಕ್ಲಬ್ ತನ್ನ ಈ ಆಟಗಾರನನ್ನೇ ಮಿಡಲ್ಸ್‌ಬರೋ ಕ್ಲಬ್ಬಿಗೆ ಬಿಟ್ಟುಕೊಟ್ಟಿತು. ಊರಿನ ಅಭಿಮಾನಿಗಳು ಕೆರಳಿದರು. ಮಿಡಲ್ಸ್‌ಬರೋ ಹಿಂದಿನ ವರ್ಷವಷ್ಟೇ ಆಲ್ಫ್ ಕಾಮನ್ ಎಂಬಾತನನ್ನು 1,000 ಪೌಂಡ್ ಕೊಟ್ಟು ತಂದು ದೇಶವನ್ನೇ ಬೆರಗಾಗಿಸಿತ್ತು. ಹೀಗೆ ಕೈ ಬದಲಾಗುತ್ತಿದ್ದ ಹಣ ಕ್ಲಬ್ಬಿನಿಂದ ಕ್ಲಬ್ಬಿಗೆ, ಆಟಗಾರನಿಗೆ ಮಾತ್ರ ಅದೇ ವಾರದ ಸಂಬಳ. ಬ್ಲೂಮರ್ ಹೋದ ಮರುವರ್ಷವೇ ಡರ್ಬಿ ಎರಡನೆಯ ದರ್ಜೆಗೆ ಇಳಿಯಿತು. 1910ರಲ್ಲಿ ಆತನನ್ನು ಮತ್ತೆ ಕರೆಸಿಕೊಂಡು ನಾಯಕತ್ವ ಕೊಟ್ಟರು, 1911–12ರಲ್ಲಿ ಎರಡನೆಯ ದರ್ಜೆ ಗೆದ್ದು ತಂಡ ಮೇಲೆ ಬಂತು. ಆಗ ಆತನಿಗೆ ಮೂವತ್ತೆಂಟು. ಕೊನೆಯ ಪಂದ್ಯ 1914ರ ಜನವರಿ 31ರಂದು, ನಲವತ್ತು ತುಂಬಿ ಹನ್ನೊಂದು ದಿನಕ್ಕೆ.

ನಲವತ್ತರ ಮೇಲೆ ಬದುಕಿಗೇನು ದಾರಿ? ಯುರೋಪಿನಲ್ಲಿ ಫುಟ್ಬಾಲ್ ಹಬ್ಬುತ್ತಿದ್ದ ದಿನಗಳವು, ಇಂಗ್ಲಿಷ್ ತರಬೇತುದಾರರಿಗೆ ಅಲ್ಲಿ ಬೇಡಿಕೆಯಿತ್ತು. ಬರ್ಲಿನ್ನಿನ ಬ್ರಿಟಾನಿಯಾ ಕ್ಲಬ್ಬಿನ ಕೆಲಸ ಒಪ್ಪಿ ಬ್ಲೂಮರ್ 1914ರ ಜುಲೈಯಲ್ಲಿ ಹೊರಟ. ಆಗಸ್ಟ್ 4ಕ್ಕೆ ಬ್ರಿಟನ್ ಮತ್ತು ಜರ್ಮನಿ ನಡುವೆ ಯುದ್ಧ ಶುರುವಾಯಿತು. ನಿನ್ನೆಯವರೆಗೆ ಗುರುವಾಗಿದ್ದವನು ಬೆಳಗಾಗುವುದರೊಳಗೆ ಶತ್ರುದೇಶದವನಾದ.

ನವೆಂಬರಿನಲ್ಲಿ ಜರ್ಮನ್ ಸರ್ಕಾರ ಬ್ರಿಟಿಷ್ ಗಂಡಸರನ್ನು ಬಂಧಿಸಿ ಬರ್ಲಿನ್ನಿನ ಹೊರಗಿನ ರೂಲೆಬೆನ್ ಎಂಬ ಕುದುರೆ ರೇಸಿನ ಮೈದಾನದಲ್ಲಿ ಕೂಡಿಹಾಕಿತು. ನಾಲ್ಕು ಸಾವಿರಕ್ಕೂ ಹೆಚ್ಚು ಜನ. ಮಲಗಲು ಕುದುರೆ ಲಾಯ, ಒಂದು ಕುದುರೆ ನಿಲ್ಲುವ ಜಾಗದಲ್ಲಿ ಆರು ಮಂದಿ. ನಾವಿಕರು, ವ್ಯಾಪಾರಿಗಳು, ವಿದ್ಯಾರ್ಥಿಗಳು ಎಲ್ಲರೂ ಅಲ್ಲಿದ್ದರು. ಮುಂದೆ 1932ರಲ್ಲಿ ನ್ಯೂಟ್ರಾನ್ ಕಂಡುಹಿಡಿದ ಜೇಮ್ಸ್ ಚಾಡ್ವಿಕ್ ಕೂಡ ಅವರಲ್ಲೊಬ್ಬ. ಬ್ಲೂಮರನಂತೆಯೇ ತರಬೇತಿಗೆ ಬಂದು ಸಿಕ್ಕಿಬಿದ್ದ ಆಟಗಾರರೂ ಹಲವರು: ಫ್ರೆಡ್ ಪೆಂಟ್‌ಲೆಂಡ್, ಜಾನ್ ಕ್ಯಾಮರಾನ್, ಸ್ಯಾಮ್ ವೋಲ್‌ಸ್ಟೆನ್‌ಹೋಮ್. ಸುಮ್ಮನೆ ಕೂತರೆ ಹುಚ್ಚು ಹಿಡಿದೀತೆಂದು ಇವರೆಲ್ಲ ಸೇರಿ ಶಿಬಿರದಲ್ಲೇ ಒಂದು ಫುಟ್ಬಾಲ್ ಸಂಸ್ಥೆ ಕಟ್ಟಿದರು. ಲೀಗ್, ಕಪ್ ಎಲ್ಲ ನಡೆದವು. 1915ರ ಮೇ 2ರಂದು ಇಂಗ್ಲೆಂಡ್ ತಂಡಕ್ಕೂ ಉಳಿದ ದೇಶದವರ ತಂಡಕ್ಕೂ ಪಂದ್ಯವಾಯಿತು. ಬ್ಲೂಮರ್ ಇಂಗ್ಲೆಂಡ್ ಪರ ಆಡಿದ. ಚಳಿಗಾಲ ಕಳೆದರೆ ಕ್ರಿಕೆಟ್, ಅದರಲ್ಲೂ ಈತ ಮುಂದು.

ಮೂರು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಕಳೆಯಿತು. 1918ರ ಮಾರ್ಚ್‌ನಲ್ಲಿ, ಯುದ್ಧಕ್ಕೆ ಸೇರದ ಹಾಲೆಂಡಿಗೆ ಹೋಗಲು ಬಿಟ್ಟರು. ಆಮ್‌ಸ್ಟರ್‌ಡ್ಯಾಮಿನ ಬ್ಲೌ ವಿಟ್ ಕ್ಲಬ್ಬಿನಲ್ಲಿ ತರಬೇತಿ ನೀಡಿ, ಯುದ್ಧ ಮುಗಿದ ಮೇಲೆ ಊರು ಸೇರಿದ.

ಮತ್ತೆ ಪರದೇಶದ ಕರೆ ಬಂದದ್ದು 1923ರಲ್ಲಿ. ಈ ಸಲ ಸ್ಪೇನಿನ ಇರುನ್ ಪಟ್ಟಣದ ರಿಯಲ್ ಯೂನಿಯನ್. ಇರುನ್ ಗಡಿಯ ಊರು, ಬಿಡಸೋವಾ ಹೊಳೆ ದಾಟಿದರೆ ಫ್ರಾನ್ಸ್. ಮನೆಮಾತು ಬಾಸ್ಕ್, ಕಚೇರಿಗೆ ಸ್ಪ್ಯಾನಿಷ್, ಆಚೆ ದಡಕ್ಕೆ ಫ್ರೆಂಚ್. ಈ ತಂಡದ ಮುಖ್ಯ ಆಟಗಾರ ರೆನೆ ಪೆಟಿಟ್ ಹುಟ್ಟಿದ್ದು ಫ್ರಾನ್ಸಿನಲ್ಲಿ, 1920ರ ಒಲಿಂಪಿಕ್ಸ್‌ನಲ್ಲಿ ಆಡಿದ್ದೂ ಫ್ರಾನ್ಸ್ ಪರವಾಗಿ, ಕ್ಲಬ್ ಆಟ ಹೆಚ್ಚಾಗಿ ಸ್ಪೇನಿನಲ್ಲಿ. ಗಡಿಯಲ್ಲಿ ಬಾಳುವವರಿಗೆ ಇದು ಹೊಸತೆನಿಸದು. ಈ ಸಣ್ಣ ಊರಿನ ತಂಡ 1924ರಲ್ಲಿ ಬಾರ್ಸಿಲೋನಾವನ್ನು ದಾಟಿ, ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ಡನ್ನು 1–0ಯಿಂದ ಮಣಿಸಿ ಸ್ಪೇನ್ ರಾಜನ ಕಪ್ ಗೆದ್ದಿತು. ಆಟಗಾರನಾಗಿ ದಕ್ಕದ ಕಪ್ ಬ್ಲೂಮರನಿಗೆ ತರಬೇತುದಾರನಾಗಿ ಪರದೇಶದಲ್ಲಿ ದಕ್ಕಿತು.

1925ರಲ್ಲಿ ಊರಿಗೆ ಮರಳಿದ. ಮುಂದೆ ಡರ್ಬಿ ಕ್ಲಬ್ಬಿನಲ್ಲೇ ಮೈದಾನದ ಸಣ್ಣಪುಟ್ಟ ಕೆಲಸ ನೋಡಿಕೊಂಡಿದ್ದ. ಆತನ 352 ಲೀಗ್ ಗೋಲುಗಳ ದಾಖಲೆಯನ್ನು ಎವರ್ಟನ್ ಕ್ಲಬ್ಬಿನ ಡಿಕ್ಸಿ ಡೀನ್ ದಾಟಿದ್ದು 1936ರಲ್ಲಿ. ಆರೋಗ್ಯ ಕೆಟ್ಟಾಗ ಕ್ಲಬ್ಬಿನವರೂ ಗೆಳೆಯರೂ ಸೇರಿ ಹವೆ ಬದಲಾವಣೆಗೆಂದು ಹಡಗಿನಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಕಳುಹಿಸಿದರು. ಹಿಂತಿರುಗಿದ ಕೆಲವೇ ವಾರಗಳಲ್ಲಿ, 1938ರ ಏಪ್ರಿಲ್ 16ರಂದು, ಡರ್ಬಿಯಲ್ಲಿ ತೀರಿಕೊಂಡ. ಅಲ್ಲಿನ ನಾಟಿಂಗ್‌ಹ್ಯಾಮ್ ರಸ್ತೆಯ ಸ್ಮಶಾನದಲ್ಲಿ ಸಮಾಧಿ ಇದೆ. ಕ್ಲಬ್ಬಿನ ಹೊಸ ಮೈದಾನ ಪ್ರೈಡ್ ಪಾರ್ಕ್‌ನಲ್ಲಿ 2009ರ ಜನವರಿಯಲ್ಲಿ ಆತನ ಅರ್ಧಪ್ರತಿಮೆ ಅನಾವರಣವಾಯಿತು, ಡರ್ಬಿ ತಂಡದ ಬದಲಿ ಆಟಗಾರರು ಕೂರುವ ಬೆಂಚಿನ ಪಕ್ಕದಲ್ಲೇ.