ಗಾಜಿನೆಳೆ ಮತ್ತು ಪಂಚರತ್ನಂ ಲೆಕ್ಕ

ಒಂದೇ ಮೂಲದ ಬೆಳಕನ್ನು ಎರಡಾಗಿ ಸೀಳಿ, ಬೇರೆ ಬೇರೆ ಹಾದಿಯಲ್ಲಿ ಕಳಿಸಿ ಮತ್ತೆ ಕೂಡಿಸಿದರೆ ಬೆಳಕು–ಕತ್ತಲೆಯ ಪಟ್ಟಿಗಳು ಮೂಡುತ್ತವೆ. ಒಂದು ಹಾದಿ ಅರ್ಧ ತರಂಗಾಂತರದಷ್ಟು ಹೆಚ್ಚಾದರೂ ಸಾಕು, ಬೆಳಕಿದ್ದ ಜಾಗಕ್ಕೆ ಕತ್ತಲೆ ಬರುತ್ತದೆ. ವ್ಯತಿಕರಣದಿಂದ ಅಳೆಯುವ ವಿದ್ಯೆ ನಿಂತಿರುವುದು ಇದರ ಮೇಲೆ. 1887ರಲ್ಲಿ ಭೌತವಿಜ್ಞಾನಿಗಳಾದ ಮೈಕೆಲ್ಸನ್ ಮತ್ತು ಮಾರ್ಲಿ ಇಂಥ ಅಳತೆಯಲ್ಲಿ ಅಲುಗಾಟ ತಪ್ಪಿಸಲು ಪಾದರಸದ ಮೇಲೆ ತೇಲುವ ಕಲ್ಲುಚಪ್ಪಡಿಯನ್ನೇ ಬಳಸಬೇಕಾಯಿತು.

1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಬೆಳಕನ್ನು ಹೆಚ್ಚು ನುಂಗದ ಗಾಜಿನೆಳೆಯನ್ನು ತಯಾರಿಸಿತು. ಆಮೇಲೆ ಮೈಲಿಗಟ್ಟಲೆ ಹಾದಿಯನ್ನು ಅಂಗೈಯಗಲದ ಸುರುಳಿಯಲ್ಲಿ ಹಿಡಿದಿಡುವುದು ಸಾಧ್ಯವಾಯಿತು. 1976ರಲ್ಲಿ ಯೂಟಾ ವಿಶ್ವವಿದ್ಯಾಲಯದ ವಾಲಿ ಮತ್ತು ಶಾರ್ಟ್‌ಹಿಲ್ ಅಂಥ ಸುರುಳಿಯೊಳಗೆ ಎರಡು ಕಿರಣಗಳನ್ನು ಎದುರುಬದುರು ಓಡಿಸಿ, ಸುರುಳಿ ತಿರುಗಿದ್ದನ್ನು ಪಟ್ಟಿಗಳ ಸರಿದಾಟದಿಂದ ಗುರುತಿಸಿದರು. ಫೈಬರ್ ಗೈರೋಸ್ಕೋಪಿನ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ.

ಎಳೆಯ ಸೂಕ್ಷ್ಮತೆಯೇ ಅದರ ತೊಂದರೆ ಕೂಡ. ಒಂದು ಮೀಟರ್ ಎಳೆ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಕೆಂಪು ಲೇಸರ್ ಬೆಳಕಿನ ಸುಮಾರು 16 ಪಟ್ಟಿಗಳು ಸರಿದುಹೋಗುತ್ತವೆ. ಇದಕ್ಕಿಂತ ಕಿರುಕುಳದ್ದು ಧ್ರುವೀಕರಣ. ಎಳೆಯನ್ನು ಬಾಗಿಸಿದರೆ, ಒತ್ತಿದರೆ ಬೆಳಕಿನ ಕಂಪನದ ದಿಕ್ಕು ಬದಲಾಗುತ್ತದೆ. ಎರಡು ಕಿರಣಗಳ ಕಂಪನ ಒಂದಕ್ಕೊಂದು ಲಂಬವಾಗಿಬಿಟ್ಟರೆ ಪಟ್ಟಿಗಳೇ ಮಾಯ. ಹಾಗಾದರೆ ಬೇರೆ ಬೇರೆ ಧ್ರುವೀಕರಣದ ಎರಡು ಕಿರಣಗಳು ಯಾವಾಗ ಒಂದೇ ಲಯದಲ್ಲಿವೆ ಎನ್ನಬೇಕು?

ಇಂಥ ಗಾಜಿನೆಳೆ ಬರುವ ಮುನ್ನವೇ ಈ ಪ್ರಶ್ನೆಗೆ ಬೆಂಗಳೂರಿನಲ್ಲಿ ಉತ್ತರ ಸಿಕ್ಕಿತ್ತು. ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆಯಲ್ಲಿ ಅವರ ಸೋದರಳಿಯ ಎಸ್. ಪಂಚರತ್ನಂ ಐಯೋಲೈಟ್‌ನಂಥ ಹರಳುಗಳ ಮೂಲಕ ಬೆಳಕು ಹಾಯುವ ಬಗೆಯನ್ನು ಅಭ್ಯಾಸ ಮಾಡುತ್ತಿದ್ದರು. 1956ರಲ್ಲಿ, 22ರ ವಯಸ್ಸಿನಲ್ಲಿ, ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಕೂಡಿಸಿದಾಗ ಪ್ರಕಾಶ ಗರಿಷ್ಠವಾದರೆ ಆ ಎರಡು ಕಿರಣಗಳು ಒಂದೇ ಲಯದಲ್ಲಿವೆ ಎಂಬುದು ಅವರ ನಿಯಮ. ಮಾತು ಸರಳ, ಫಲ ವಿಚಿತ್ರ. ಅಡ್ಡ ಕಂಪನದ ಕಿರಣಕ್ಕೆ 45 ಡಿಗ್ರಿ ಓರೆ ಕಂಪನದ್ದನ್ನು, ಅದಕ್ಕೆ ವೃತ್ತಾಕಾರ ಕಂಪನದ್ದನ್ನು ಹೊಂದಿಸಿ, ಕೊನೆಯದನ್ನು ಮತ್ತೆ ಮೊದಲಿನದಕ್ಕೆ ಹೋಲಿಸಿದರೆ ಲಯ ತಪ್ಪಿರುತ್ತದೆ. ಹೊಲದ ಬದು ಸುತ್ತಿ ಸರಪಳಿ ಹಿಡಿದು ಹೊರಟಲ್ಲಿಗೇ ಬಂದರೂ ಲೆಕ್ಕ ಕೂಡದ ಹಾಗೆ. ಈ ಮೂರು ಸ್ಥಿತಿಗಳು, ಧ್ರುವೀಕರಣದ ಒಂದೊಂದು ಸ್ಥಿತಿಯನ್ನೂ ಒಂದೊಂದು ಬಿಂದುವಾಗಿ ತೋರಿಸುವ ಪೊಆಂಕಾರೆ ಗೋಳದ ಮೇಲೆ ಎಂಟನೇ ಒಂದು ಭಾಗವನ್ನು ಸುತ್ತುವರಿಯುತ್ತವೆ. ತಪ್ಪುವ ಲಯ ಆ ತ್ರಿಕೋನದ ಘನಕೋನದ ಅರ್ಧ, ಅಂದರೆ 45 ಡಿಗ್ರಿ. ಕೆಂಪು ಲೇಸರಿನಲ್ಲಿ ಅದು ಸುಮಾರು 79 ನ್ಯಾನೊಮೀಟರ್ ಹಾದಿಗೆ ಸಮ. ನಿಖರ ಅಳತೆಯಲ್ಲಿ ಇದು ಸಣ್ಣ ತಪ್ಪಲ್ಲ.

ಲೇಖನ ಮೂರು ದಶಕ ಹೆಚ್ಚಿನವರ ಕಣ್ಣಿಗೆ ಬೀಳದೆ ಉಳಿಯಿತು. ಪಂಚರತ್ನಂ 1960ರ ದಶಕದ ಆರಂಭದಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ ಆಕ್ಸ್‌ಫರ್ಡ್‌ಗೆ ಹೋದರು. 1969ರಲ್ಲಿ, 35ರಲ್ಲೇ, ಅಲ್ಲಿ ತೀರಿಕೊಂಡರು. 1984ರಲ್ಲಿ ಬ್ರಿಟನ್ನಿನ ಮೈಕೆಲ್ ಬೆರಿ ಕ್ವಾಂಟಂ ವ್ಯವಸ್ಥೆಗಳಲ್ಲಿ ಇಂಥದೇ ಜ್ಯಾಮಿತೀಯ ಲಯವನ್ನು ಕಂಡರು. 1986ರಲ್ಲಿ ಭೌತವಿಜ್ಞಾನಿಗಳಾದ ತೊಮಿತಾ ಮತ್ತು ಚಿಯಾವೊ ಅದನ್ನು ಸುರುಳಿ ಸುತ್ತಿದ ಫೈಬರಿನಲ್ಲೇ ಅಳೆದು ತೋರಿಸಿದರು. ಅಲ್ಲಿ ಗಣನೆಗೆ ಬಂದದ್ದು ಬೆಳಕು ಸಾಗುವ ದಿಕ್ಕು ಸುತ್ತುವ ಘನಕೋನ. ಪಂಚರತ್ನಂ ಲೆಕ್ಕದಲ್ಲಿರುವುದು ಧ್ರುವೀಕರಣದ ಸುತ್ತು. ಎರಡೂ ಒಂದೇ ಕುಲದವು. ಅದೇ ವರ್ಷ ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಹಳೆಯ ಲೇಖನವನ್ನು ಮತ್ತೆ ಮುಂದಿಟ್ಟರು, 1987ರಲ್ಲಿ ಬೆರಿ ಅದರ ಹಿರಿಮೆಯನ್ನು ಒಪ್ಪಿ ಬರೆದರು. 1988ರಲ್ಲಿ ರಾಮನ್ ಸಂಸ್ಥೆಯ ರಾಜೇಂದ್ರ ಭಂಡಾರಿ ಮತ್ತು ಜೋಸೆಫ್ ಸ್ಯಾಮ್ಯುಯಲ್ ಲೇಸರ್ ವ್ಯತಿಕರಣ ಮಾಪಕದಿಂದ ಈ ಲಯವನ್ನು ಪ್ರತ್ಯಕ್ಷ ಕಂಡರು.

ಇಂದು ಧ್ರುವೀಕರಣ ಕಾಯುವ ವಿಶೇಷ ಎಳೆ, ಕಂಪನದ ದಿಕ್ಕನ್ನು ತಿರುಗಿಸಿ ಬೆಳಕನ್ನು ಹಿಂದಿರುಗಿಸುವ ಫ್ಯಾರಡೆ ಕನ್ನಡಿ ಮುಂತಾದ ಉಪಾಯಗಳಿಂದ ಗಾಜಿನೆಳೆಯ ಧ್ರುವೀಕರಣದ ಗೊಂದಲವನ್ನು ಹತೋಟಿಯಲ್ಲಿಡುತ್ತಾರೆ. 1956ರ ಮೂಲ ಲೇಖನ ಅಕಾಡೆಮಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಪದವಿಯಲ್ಲಿ ಭೌತಶಾಸ್ತ್ರ ಓದಿದವರು ಅದನ್ನು ಧೈರ್ಯವಾಗಿ ತೆರೆದು ನೋಡಬಹುದು.