ನಾನು ಕಲಿತ ಆಹಾರಶಾಸ್ತ್ರ

ಧಾರವಾಡಕ್ಕೆ ಹೋಗಿ ಆಹಾರಶಾಸ್ತ್ರ ಓದುತ್ತೇನೆಂದು ನಾನು ಹೇಳಿದಾಗ ನಾಯಕನಹಟ್ಟಿಯ ನಮ್ಮ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಅಜ್ಜಿ ಮಾತ್ರ, "ಉಣ್ಣಾದು ಕಲಿಯಾಕೆ ನಾಲ್ಕು ವರ್ಸ ಬೇಕೇನವ್ವಾ?" ಎಂದು ಕೇಳಿದಳು. ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆ ಪ್ರಶ್ನೆಗೆ ಉತ್ತರ ಹೊಳೆಯಲು ನನಗೆ ನಾಲ್ಕು ವರ್ಷ ಸಾಲಲಿಲ್ಲ. ಇಂದು ನಾನು ಹೇಳಹೊರಟಿರುವುದು ಆ ಉತ್ತರದ ಕಥೆ. ಅದರ ಜೊತೆಗೆ ನಮ್ಮ ದೇಶದಲ್ಲಿ ಈ ವಿದ್ಯೆ ಬೆಳೆದುಬಂದ ಚರಿತ್ರೆಯೂ ಅಷ್ಟಿಷ್ಟು ಬರುತ್ತದೆ.

ಧಾರವಾಡದ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಆರಂಭವಾದದ್ದು 1974ರಲ್ಲಿ. ನಾನು ಸೇರಿದ್ದು 1977ರಲ್ಲಿ. ನಮ್ಮ ಓದಿಗೆಲ್ಲ ಆಧಾರವಾಗಿದ್ದುದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯ ಒಂದು ಇಂಗ್ಲಿಷ್ ಪುಸ್ತಕ. ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು 1971ರಲ್ಲಿ ಹೊರತಂದ ಆ ಗ್ರಂಥದ ಬಹುಭಾಗ ಬರೀ ಕೋಷ್ಟಕ. ನೂರು ಗ್ರಾಂ ಅಕ್ಕಿಯಲ್ಲಿ ಸಸಾರಜನಕವೆಷ್ಟು, ರಾಗಿಯಲ್ಲಿ ಸುಣ್ಣದ ಅಂಶವೆಷ್ಟು ಎಂದು ಸಾಲುಸಾಲಾಗಿ ಅಂಕಿಗಳು. ಹಾಸ್ಟೆಲಿನಲ್ಲಿ ನಾವು ಅದಕ್ಕೆ ಪಂಚಾಂಗವೆಂದು ಹೆಸರಿಟ್ಟಿದ್ದೆವು. ಏನು ಕೇಳಿದರೂ ಅದನ್ನು ಬಿಡಿಸಿ ನೋಡುವುದೇ!

ಈ ಪಂಚಾಂಗದ ಮೂಲ ನೀಲಗಿರಿಯ ಕೂನೂರಿನಲ್ಲಿದೆ. ಅಲ್ಲಿನ ಪಾಶ್ಚರ್ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ, 1918ರಲ್ಲಿ, ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ವಿಚಾರಣೆಗೆ ತೊಡಗಿದರು. ಆ ಕೋಣೆಯೇ ಬೆಳೆದು ಪ್ರಯೋಗಶಾಲೆಯಾಯಿತು. 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡಿತು. ನಮ್ಮ ಆಹಾರಗಳ ಅಂಕಿಗಳನ್ನು ಒಟ್ಟುಗೂಡಿಸಿದ ಮೊದಲ ಕೈಪಿಡಿಯನ್ನು ಏಕ್ರಾಯ್ಡ್ ಕೂನೂರಿನಿಂದಲೇ 1937ರಲ್ಲಿ ಪ್ರಕಟಿಸಿದರು.

ಮೆಕ್ಯಾರಿಸನ್ನರ ಇಲಿಗಳ ಪ್ರಯೋಗವನ್ನು ಪಾಠದಲ್ಲಿ ಕೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ದೇಶದ ಬೇರೆ ಬೇರೆ ಜನರ ಊಟವನ್ನು ಆತ ಬೇರೆ ಬೇರೆ ಇಲಿಗಳ ಗುಂಪುಗಳಿಗೆ ಹಾಕಿ ತೂಗಿದರು. ಸಿಖ್ಖರ ಊಟ ತಿಂದ ಇಲಿ ಸರಾಸರಿ 235 ಗ್ರಾಂ, ಕನ್ನಡಿಗರ ಊಟದ್ದು 185, ಮದರಾಸಿನವರ ಊಟದ್ದು 155. ಗೋಧಿ, ಹಾಲು, ತುಪ್ಪದ ಮುಂದೆ ನಾವು ಸೋತಿದ್ದೆವು. ಮದರಾಸಿಗಿಂತ ಮೇಲಿದ್ದೇವಲ್ಲ ಎಂದು ಗೆಳತಿಯೊಬ್ಬಳು ಸಮಾಧಾನಪಟ್ಟುಕೊಂಡಳು. ನನಗೆ ಹೊಳೆದ ಪ್ರಶ್ನೆ ಬೇರೆ. ಕನ್ನಡಿಗರ ಊಟವೆಂದರೆ ಯಾವ ಕನ್ನಡಿಗರದು? ಮಂಗಳೂರಿನ ಗಂಜಿಯೇ, ಮಂಡ್ಯದ ಮುದ್ದೆಯೇ, ನಮ್ಮ ಹಟ್ಟಿಯ ನವಣಕ್ಕಿ ಅನ್ನವೇ? ಕೇಳುವ ಧೈರ್ಯವಾಗಲಿಲ್ಲ.

ಆ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದುದು ಸಸಾರಜನಕ, ಅಂದರೆ ಪ್ರೋಟೀನು. ಇದಕ್ಕೊಂದು ಹಿನ್ನೆಲೆಯುಂಟು. 1930ರ ದಶಕದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಇಂದಿನ ಘಾನಾದಲ್ಲಿ, ಮೈ ಊದಿ ಕೂದಲು ಕೆಂಚಾಗಿ ಸಾಯುತ್ತಿದ್ದ ಎಳೆಯ ಮಕ್ಕಳ ರೋಗವನ್ನು ವರ್ಣಿಸಿದರು. ಅಲ್ಲಿನ ಜನ ಅದನ್ನು ಕ್ವಾಶಿಯೋರ್ಕರ್ ಎನ್ನುತ್ತಿದ್ದರು. ಇದು ಪ್ರೋಟೀನಿನ ಕೊರತೆಯಿಂದ ಬರುವುದೆಂಬ ವಿಚಾರ ಬಲವಾಗಿ, 1950ರ ನಂತರ ಬಡದೇಶಗಳ ಹಸಿವೆಲ್ಲ ಪ್ರೋಟೀನಿನ ಹಸಿವೇ ಎಂಬಷ್ಟರ ಮಟ್ಟಿಗೆ ಹಬ್ಬಿತು. 1950ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವೂ ಈ ಕೊರತೆಯನ್ನು ತುಂಬಲು ಬಹಳ ದುಡಿಯಿತು. ಅವರ 'ಬಹೂಪಯೋಗಿ ಆಹಾರ'ದಲ್ಲಿ 75 ಪಾಲು ಎಣ್ಣೆ ತೆಗೆದ ಶೇಂಗಾ ಹಿಟ್ಟು, 25 ಪಾಲು ಕಡಲೆ ಹಿಟ್ಟು.

ಶೇಂಗಾ ಎಂದೊಡನೆ ತರಗತಿಯಲ್ಲಿ ಎಲ್ಲರೂ ನನ್ನತ್ತ ತಿರುಗಿದರು. ಚಳ್ಳಕೆರೆಯೆಂದರೆ ಎಣ್ಣೆ ಗಿರಣಿಗಳ ಊರಲ್ಲವೇ! ಎಣ್ಣೆ ಪರಊರಿಗೆ ಹೋಗುತ್ತಿತ್ತು. ಹಿಂಡಿ ಎತ್ತು ಎಮ್ಮೆಗಳಿಗೆ. ನಮ್ಮ ದನ ತಿನ್ನುವುದರಲ್ಲೇ ದೇಶದ ಮಕ್ಕಳ ಪ್ರಾಣವಿದೆಯೆಂದು ತಿಳಿದು ನನಗೆ ಒಂದು ಬಗೆಯ ಹೆಮ್ಮೆಯಾಯಿತು. ಆ ಹಿಂಡಿಗೂ ಒಂದು ಕಂಟಕವಿತ್ತೆನ್ನಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಿದ್ದವು. ಅಫ್ಲಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದು ಆಗ.

ಕೊನೆಯ ವರ್ಷ, ಒಂದು ದಿನದಲ್ಲಿ ಒಂದು ಮನೆಯವರು ಏನೇನು ಉಂಡರೆಂದು ಕೇಳಿ ಬರೆಯುವ ಕೆಲಸ ಕೊಟ್ಟರು. ನಾನು ನಮ್ಮ ಹೊಲದ ಪಕ್ಕದ ಮ್ಯಾಸನಾಯಕರ ಹಟ್ಟಿಯಲ್ಲಿ ಒಂದು ಮನೆಯನ್ನು ಆರಿಸಿಕೊಂಡೆ. ಎರಡು ವರ್ಷದ ಮಗು, ಕೈಕಾಲು ಕಡ್ಡಿಯಾಗಿದ್ದವು. ತಾಯಿ ಶೇಂಗಾ ಕಳೆ ತೆಗೆಯುವ ಕೂಲಿಗೆ ಹೋಗುವವಳು. ಬೆಳಿಗ್ಗೆ ಮುದ್ದೆ, ಹುರುಳಿ ಸಾರು. ಸಂಜೆ ಮತ್ತೆ ಅದೇ. ಎಲ್ಲವನ್ನೂ ಬರೆದುಕೊಂಡು, ಪ್ರೋಟೀನಿನ ಲೆಕ್ಕ ಹಾಕಿ, "ಮಗೀಗೆ ದಿನಕ್ಕೊಂದು ಕೋಳಿಮೊಟ್ಟೆ ಕೊಡವ್ವ" ಎಂದೆ.

ಅವಳು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. "ಅಲ್ಲ ಕಣವ್ವ, ನಮ್ಮ ಹಟ್ಟಿಯಾಗೆ ಕೋಳಿ ಕೂಗಿದ್ದು ಎಂದಾರ ಕೇಳಿದೀಯ?"

ಕೇಳಿರಲಿಲ್ಲ. ದೇವರೆತ್ತುಗಳನ್ನು ಸಾಕುವ ಆ ಜನ ಸಂಪ್ರದಾಯದಂತೆ ಕೋಳಿಯನ್ನು ಮುಟ್ಟುತ್ತಿರಲಿಲ್ಲ. ಇದು ನಮ್ಮೂರಿನ ಮಕ್ಕಳಿಗೂ ಗೊತ್ತಿದ್ದ ಸಂಗತಿ, ನನಗೂ ಗೊತ್ತಿತ್ತು. ಪಂಚಾಂಗದಲ್ಲಿ ಅದಕ್ಕೊಂದು ಅಂಕಣವಿರಲಿಲ್ಲವಾಗಿ ಮರೆತಿದ್ದೆ. ತಲೆಯೆತ್ತಿ ಅವಳ ಮುಖ ನೋಡುವುದಾಗಲಿಲ್ಲ.

ಜೊತೆಗೆ ಬಂದಿದ್ದ ಅಜ್ಜಿ ಅಷ್ಟರಲ್ಲಿ ಗಡಿಗೆಯ ಮುಚ್ಚಳ ತೆಗೆದು ನೋಡಿದ್ದಳು. "ಮಧ್ಯಾಹ್ನ ಇದಕ್ಕೆ ಯಾರು ಉಣ್ಣುಸ್ತಾರೆ?" ಎಂದು ಕೇಳಿದಳು. ಯಾರೂ ಇಲ್ಲ. ತಾಯಿ ಹೊತ್ತು ಮುಳುಗುವಾಗ ಬರುತ್ತಿದ್ದಳು. ಮರುದಿನದಿಂದ ಮಗು ನಮ್ಮ ಹೊಲದ ಬೇವಿನ ಮರದಡಿ ಅಜ್ಜಿಯ ಬಳಿ ಇರತೊಡಗಿತು. ಹುರಿದ ಶೇಂಗಾ ಕುಟ್ಟಿ ಮುದ್ದೆಗೆ ಕಲಸಿ, ಬೆಲ್ಲ ಸೇರಿಸಿ, ಅವಳು ನಡುಹೊತ್ತಿನಲ್ಲಿ ಎರಡು ಸಲ ತಿನ್ನಿಸುತ್ತಿದ್ದಳು. ರಜೆ ಮುಗಿದು ನಾನು ಹೊರಡುವ ಹೊತ್ತಿಗೆ ಅದು ಎದ್ದು ನಿಲ್ಲುತ್ತಿತ್ತು.

ಧಾರವಾಡಕ್ಕೆ ಮರಳಿ ನನ್ನದೇ ಬರಹವನ್ನು ಮತ್ತೆ ನೋಡಿದೆ. ಆ ಮಗುವಿನ ಊಟದಲ್ಲಿ ಹುರುಳಿಯಿತ್ತು. ಹುರುಳಿಯಲ್ಲಿ ನೂರಕ್ಕೆ 22 ಪಾಲು ಪ್ರೋಟೀನು. ಇಲ್ಲದಿದ್ದುದು ಊಟವೇ. ಎರಡು ಹೊತ್ತು, ಸಣ್ಣ ಹೊಟ್ಟೆ, ನಡುವೆ ಹತ್ತು ಗಂಟೆ. ಇದನ್ನೇ ದೊಡ್ಡವರು ಆಗಲೇ ಹೇಳಿದ್ದರು. ನಮ್ಮ ಮಕ್ಕಳ ಆಹಾರದಲ್ಲಿ ಮೊದಲ ಕೊರತೆ ಕ್ಯಾಲರಿಯದು, ಹೊಟ್ಟೆ ತುಂಬ ಉಂಡರೆ ಪ್ರೋಟೀನು ತಾನಾಗಿ ಬಹುಮಟ್ಟಿಗೆ ಒದಗುತ್ತದೆ ಎಂದು ಗೋಪಾಲನ್, ಸುಖಾತ್ಮೆ ಇಬ್ಬರೂ ವಾದಿಸಿದ್ದರು. 1974ರಲ್ಲಿ ಡೊನಾಲ್ಡ್ ಮೆಕ್ಲಾರೆನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರೋಟೀನಿನ ಈ ಭರಾಟೆಯನ್ನು ಮಹಾ ಎಡವಟ್ಟೆಂದೇ ಕರೆದಿದ್ದರು. ನಾನು ಕಾಲೇಜು ಸೇರುವುದಕ್ಕೆ ಮೂರು ವರ್ಷ ಮೊದಲು!

ಆ ತಾಯಿಯ ಲೆಕ್ಕವನ್ನೂ ಆಗ ಹಾಕಿದೆ. ಕುಳಿತು ಕೆಲಸ ಮಾಡುವ ಹೆಂಗಸಿಗೆ 1900 ಕ್ಯಾಲರಿ, ಕಷ್ಟದ ದುಡಿಮೆಯವಳಿಗೆ 3000 ಎಂದು ಅಂದಿನ ನಿಯಮ. ಮಾಡಿದಷ್ಟು ನೀಡು ಭಿಕ್ಷೆ ಎಂದ ತಿಪ್ಪೇರುದ್ರಸ್ವಾಮಿಗಳ ಊರು ನಮ್ಮದು. ಅವರು ಕಟ್ಟಿಸಿದ ಕೆರೆಗಳಲ್ಲಿ ದುಡಿದವರಿಗೆ ದುಡಿತಕ್ಕೆ ತಕ್ಕ ಕೂಲಿ ಸಿಗುತ್ತಿತ್ತೆಂದು ಜನ ಹೇಳುತ್ತಾರೆ. ಹಟ್ಟಿಯ ಈ ಹೆಂಗಸು ಉಂಡದ್ದು ಕುಳಿತವಳ ಪಾಲಿಗಿಂತಲೂ ಕಡಿಮೆ.

ಈಗ ಸಿರಿಧಾನ್ಯವೆಂಬ ಹೊಸ ಹೆಸರು ಬಂದಿದೆ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. 2017ರ ಹೊಸ ಪಂಚಾಂಗದಲ್ಲಿ ರಾಗಿಯ ಸುಣ್ಣದಂಶ 344ರಿಂದ 364 ಮಿಲಿಗ್ರಾಮಿಗೆ ಏರಿದೆ. ಓದು ಮುಗಿಸಿ ಬಂದ ವರ್ಷ ನಾನು ಇಂಥದೇ ಸಂಭ್ರಮದಲ್ಲಿ ಅಜ್ಜಿಗೆ ಹಳೆಯ ಪುಸ್ತಕ ತೆರೆದು ತೋರಿಸಿದ್ದೆ: ಅಕ್ಕಿಯಲ್ಲಿ ಪ್ರೋಟೀನು 6.8, ನವಣೆಯಲ್ಲಿ 12.3. ನೀನು ಉಂಡದ್ದೇ ಹೆಚ್ಚಿನದು ಅಜ್ಜಿ ಎಂದೆ.

ಅವಳು ಪುಸ್ತಕದ ಕಡೆಗೆ ನೋಡಲಿಲ್ಲ. ಬಾಗಿಲಾಚೆ ಹೊಲದ ದಿಕ್ಕಿಗೆ ಕೈ ತೋರಿಸಿದಳು. "ಬರ್ಕೊಂಡಿದೀಯ, ಸರಿ. ಬಿತ್ತೋರ್ಯಾರು?" ಎಂದಳು. ಆ ವರ್ಷ ನಮ್ಮ ಹೊಲದಲ್ಲಿಯೂ ಬದುವಿನಿಂದ ಬದುವಿಗೆ ಶೇಂಗಾ.